ಮಲ್ಲಿಗೆ ಒದರಿದ ದಿನ

ಹೂಂ ಅನ್ನುವವರಿದ್ದರೆ ನನ್ನ ಕತೆ ನಡೆಯುತ್ತದೆ, ಇಲ್ಲದಿದ್ದರೆ ಹೊಸ್ತಿಲಲ್ಲೇ ಕೂತುಬಿಡುತ್ತದೆ. ಹೂಂ ಅಂದಿರಾ? ಹಿಂದೆ ಗೋಡೆಗೆ ಒರಗಿದವರೂ ಅಂದಿರಾ? ಹಾಗಾದರೆ ಕೇಳಿ.

ಒಂದಾನೊಂದು ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಆ ಊರಿನವರು ನನ್ನ ಮನೆಗೆ ಜಗಳಕ್ಕೆ ಬರುತ್ತಾರೆ. ಆ ಊರಿನಲ್ಲಿ ಭರಮಣ್ಣ ಅಂತ ಒಬ್ಬ ಪೈಲ್ವಾನ. ಸಂಗ್ರಾಣಿ ಕಲ್ಲು, ಅಂದರೆ ಪಂದ್ಯದ ಭಾರೀ ಗುಂಡುಕಲ್ಲು, ಎತ್ತುವುದು ಅವನ ಕೆಲಸ. ಬೇರೆ ಕೆಲಸ? ಇಲ್ಲ. ಊರೇ ಅವನಿಗೆ ಹಾಲು ಕೊಡುತ್ತಿತ್ತು, ಊರೇ ತುಪ್ಪ ಕೊಡುತ್ತಿತ್ತು, ಊರೇ ಬಾದಾಮಿ ಅರೆದು ಕೊಡುತ್ತಿತ್ತು. ವರ್ಷಕ್ಕೊಮ್ಮೆ, ಕಾರಹುಣ್ಣಿಮೆಯ ಮರುದಿನ, ಪಕ್ಕದೂರಿನ ಪೈಲ್ವಾನನ ಎದುರು ಅವನು ಕಲ್ಲು ಎತ್ತಬೇಕು. ಅಷ್ಟೇ.

ಹೇಗೆ ಎತ್ತಬೇಕು? ಅದಕ್ಕೊಂದು ರೀತಿ ಇದೆ. ಮೊದಲು ಜನರನ್ನು ಕೇಳಬೇಕು, "ಎತ್ತಲೇನ್ರಪಾ?" ಅಂತ. ಜನ "ಎತ್ತೋ!" ಅನ್ನಬೇಕು. ಪೈಲ್ವಾನನ ಊರಿನವರಲ್ಲಿ ಒಬ್ಬರೇ ಒಬ್ಬರು ಬೇಡ ಅಂದರೂ ಅವನು ಕಲ್ಲು ಮುಟ್ಟುವಂತಿಲ್ಲ. ಆಮೇಲೆ ಕಲ್ಲನ್ನು ಮೊಣಕಾಲಿಗೆ ತರಬೇಕು, ಎದೆಗೆ ತರಬೇಕು, ಹೆಗಲಿಗೆ ತಂದು ಬೆನ್ನ ಹಿಂದಕ್ಕೆ ಎಸೆಯಬೇಕು. ದಢ್! ಆ ದಢ್ ಕೇಳಿದರೇ ಲೆಕ್ಕ. ಹೀಗೆ ಮೂರು ಸಲ ಎಸೆದವನು ಗೆದ್ದ. ಸೋತ ಊರು ಗೆದ್ದ ಊರಿಗೆಲ್ಲ ಹೋಳಿಗೆ ಊಟ ಹಾಕಬೇಕು. ಪಕ್ಕದೂರಿನವರಂತೂ ಆ ಊಟಕ್ಕಾಗಿ ಹಿಂದಿನ ದಿನವೇ ಉಪವಾಸ ಶುರು ಮಾಡುತ್ತಿದ್ದರು.

ಒಂದು ವರ್ಷ ಏನಾಯ್ತು? ಭರಮಣ್ಣ ಎರಡು ಸಲ ಎಸೆದಿದ್ದ. ಮೂರನೆಯ ಸಲ ಕಲ್ಲು ಎದೆಗೆ ಬಂದಿತ್ತು. ಮೈದಾನವೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಆಗ ಮಲ್ಲಿಗೆ ಒದರಿತು.

ಮಲ್ಲಿಗೆ ಅಂದರೆ ಹೂವಲ್ಲ. ಮಡಿವಾಳರ ತಿಪ್ಪವ್ವನ ಕತ್ತೆ. ಅದಕ್ಕೆ ಗಂಟಲೆಂದರೆ ಗಂಟಲು! ದಿನಾ ಬೆಳಿಗ್ಗೆ ಅದು ಒದರಿದ ಮೇಲೇ ಊರಿನ ಕೋಳಿಗಳಿಗೆ ಎಚ್ಚರವಾಗುತ್ತಿತ್ತು. ಅಂಥ ಕತ್ತೆ ಆ ಹೊತ್ತಿಗೇ ಬಾಯಿ ತೆಗೆಯಬೇಕೆ? ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲು ಜಾರಿ ಭರಮಣ್ಣನ ಕಾಲ ಮುಂದೆ ಬಿತ್ತು. ಸೋತ.

ಇನ್ನು ಮುಂದಿನ ತುಂಡನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನಗುವಂಥದ್ದಿಲ್ಲ. ನಕ್ಕವರು ಜನ. ಆದರೆ ಭರಮಣ್ಣ ಅಲ್ಲೇ ಬಿದ್ದಿದ್ದ ಗಳ ಎತ್ತಿಕೊಂಡು ಹೋದದ್ದು ಮಲ್ಲಿಗೆಯ ಕಡೆಗೆ. ಅದನ್ನು ಕಟ್ಟಿಹಾಕಿದ್ದರು, ಓಡಲಿಕ್ಕೂ ಆಗಲಿಲ್ಲ. ಹಿಂಗಾಲು ಮುರಿಯಿತು. ಆಮೇಲೆ ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಅವತ್ತಿನಿಂದ ಮಲ್ಲಿಗೆ ಕುಂಟಿತು. ಅವತ್ತಿನಿಂದ ಮಲ್ಲಿಗೆ ಒದರಲಿಲ್ಲ.

ಊರ ಗೌಡರು ಪಂಚಾಯ್ತಿ ಸೇರಿಸಿ ಹೇಳಿದರು, "ಭರಮಾ, ಇನ್ನ ಮ್ಯಾಲ ನೀ ಕಲ್ಲು ಮುಟ್ಟಬ್ಯಾಡ." ಹಾಲು ನಿಂತಿತು, ತುಪ್ಪ ನಿಂತಿತು, ಬಾದಾಮಿ ನಿಂತಿತು.

ಆದರೆ ಸೋತವರು ಹಾಕುವ ಹೋಳಿಗೆ ನಿಂತೀತೇ? ಮತ್ತೆ ಕಾರಹುಣ್ಣಿಮೆ ಹತ್ತಿರ ಬಂತು. ಗೌಡರ ಹೆಂಡತಿ ಗೌಡಶಾನಿ ಸೊಂಟದ ಮೇಲೆ ಕೈಯಿಟ್ಟು, "ಹೋದ ಸಲ ಲಟ್ಟಿಸಿದ ಕೈನೋವು ಇನ್ನೂ ಹೋಗಿಲ್ಲ. ಈ ಸಲ ಸೋತ್ರ ನೀವ ಲಟ್ಟಿಸ್ರಿ" ಅಂದಳು. ಅಷ್ಟು ಕೇಳಿದ್ದೇ ತಡ, ಗೌಡರಿಗೆ ಭರಮಣ್ಣನ ಮೇಲೆ ಎಲ್ಲಿಲ್ಲದ ಕನಿಕರ ಹುಟ್ಟಿತು.

ಕಟ್ಟೆಯ ಮೇಲೆ ಮಾತಿಗೆ ಮಾತು ಬೆಳೆಯಿತು.

"ಮನುಷ್ಯಾನ್ನ ಹೊಡದಾನೇನು? ಒಂದು ಕತ್ತೆ!" ಅಂದ ಒಬ್ಬ.

"ವರ್ಷಪೂರ್ತಿ ತುಪ್ಪ ಇಲ್ದ ಬದುಕ್ಯಾನ. ಅದಕ್ಕಿಂತ ಶಿಕ್ಷಾ ಬೇಕೇನು?" ಅಂದ ಇನ್ನೊಬ್ಬ.

"ಅವನ ತೋಳು ನೋಡ್ರಿ, ಆ ತೋಳೇನು ತಪ್ಪು ಮಾಡೇತಿ?" ಅಂದ ಮತ್ತೊಬ್ಬ. ಹೊಡೆದದ್ದು ಅದೇ ತೋಳು ಅಂತ ಅವನಿಗೆ ಯಾರು ಹೇಳಬೇಕು? ನೀವಾದರೂ ಹೇಳುತ್ತಿದ್ದಿರಾ?

ಗೌಡರು ತಿಪ್ಪವ್ವನ ಮನೆಗೆ ಹೋದರು. "ಯವ್ವಾ ತಿಪ್ಪವ್ವ, ಊರೆಲ್ಲ ಎತ್ತೋ ಅಂತೈತಿ. ನಿಂದೊಂದು ಮಾತು ಬಾಕಿ. ಎತ್ತೋ ಅಂದುಬಿಡು."

ತಿಪ್ಪವ್ವ ಬಟ್ಟೆ ಮಡಚುತ್ತಲೇ ಇದ್ದಳು. "ನನ್ನ ಯಾಕ ಕೇಳ್ತೀರಿ ಗೌಡ್ರ? ಮುರಿದದ್ದು ನನ್ನ ಕಾಲೇನು? ಮಲ್ಲಿಗಿನ್ನ ಕೇಳ್ರಿ."

"ಕತ್ತೆ ಹೆಂಗ ಹೇಳ್ತೈತಿ?"

"ಒದರಿದ್ದಕ್ಕ ಹೊಡದ. ಅವನ ಮುಂದ ನಿಂತು ಅದು ಮತ್ತ ಹೆದರದ ಒದರಲಿ. ಅವತ್ತು ನಾ ಎತ್ತೋ ಅಂತೀನಿ."

ಗೌಡರಿಗೆ ಖುಷಿಯೋ ಖುಷಿ. ಕತ್ತೆ ಒದರಿಸುವುದು ಎಷ್ಟರ ಕೆಲಸ? ಭರಮಣ್ಣನನ್ನು ಕರೆತಂದು ಮಲ್ಲಿಗೆಯ ಎದುರು ನಿಲ್ಲಿಸಿದರು. ಮೊದಲು ಹಸಿ ಹುಲ್ಲು ಹಾಕಿದರು. ತಿಂದಿತು, ಒದರಲಿಲ್ಲ. ಆಮೇಲೆ ಡೊಳ್ಳು ಬಾರಿಸಿದರು. ನಡುಗಿತು, ಒದರಲಿಲ್ಲ. ಕೊನೆಗೆ ಗೌಡರು ಆ ಕಡೆ ಈ ಕಡೆ ನೋಡಿ, ರುಮಾಲು ತೆಗೆದು ಕಂಕುಳಲ್ಲಿಟ್ಟು, ಕಣ್ಣು ಮುಚ್ಚಿ ತಾವೇ ಒದರಿದರು. ಮಲ್ಲಿಗೆ ಒಂದು ಕಿವಿ ಅಲ್ಲಾಡಿಸಿತು. ಕೆಳಗಿನ ಓಣಿಯಿಂದ ಬೇರೊಂದು ಕತ್ತೆ ಒದರಿತು.

"ಗೌಡ್ರ, ಯಾರೋ ನಿಮ್ಮನ್ನ ಕರಿಯಾಕತ್ತಾರ" ಅಂದಳು ತಿಪ್ಪವ್ವ.

ಗೌಡರು ರುಮಾಲು ಸುತ್ತಿಕೊಂಡು ಹೊರಟರು. ಹೋಗುವಾಗ ಭರಮಣ್ಣನಿಗೆ, "ನಾಳೆಯಿಂದ ಅದು ಹೊರೋ ಬಟ್ಟೆ ಗಂಟು ನೀ ಹೊರು. ಊರವರು ನೋಡಲಿ" ಅಂದರು.

ಭರಮಣ್ಣ ಹೊತ್ತ. ಹೇಗೆ ಹೊತ್ತ ಅಂತೀರಿ? ಮೈಗೆ ಎಣ್ಣೆ ಹಚ್ಚಿಕೊಂಡು, ಮೀಸೆ ತಿರುವಿ, ಹಳ್ಳಕ್ಕೆ ಹತ್ತಿರದ ದಾರಿ ಬಿಟ್ಟು ಕಟ್ಟೆಯ ಮುಂದಿನ ದಾರಿ ಹಿಡಿದು ಹೊತ್ತ. ಹಳ್ಳದ ದಂಡೆಗೆ ಬಂದು ಬಟ್ಟೆ ಗಂಟನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ದಢ್! ಅವನಿಗೆ ಗೊತ್ತಿದ್ದದ್ದು ಅದೊಂದೇ ರೀತಿ.

ಮಲ್ಲಿಗೆ ಮೂರು ಕಾಲಲ್ಲಿ ಎಗರಿ ತಿಪ್ಪವ್ವನ ಸೀರೆಯ ಹಿಂದೆ ಮುಖ ಮುಚ್ಚಿಕೊಂಡಿತು. ಅಷ್ಟು ದೊಡ್ಡ ಮುಖ, ಅಷ್ಟು ಸಣ್ಣ ಸೆರಗು!

ಭರಮಣ್ಣನಿಗೆ ಸಿಟ್ಟು ಬಂತು. "ನಾ ಏನೂ ಮಾಡಲಿಲ್ಲಲ್ಲಬೇ!"

"ಹೌದಪಾ, ನೀ ಏನೂ ಮಾಡಲಿಲ್ಲ" ಅಂದಳು ತಿಪ್ಪವ್ವ. "ಅದಕ್ಕ ಇನ್ನೂ ನೆನಪೈತಿ, ಅಷ್ಟ."

ಮರುದಿನವೂ ದಢ್, ಮರುದಿನವೂ ಸೆರಗು. ಅದರ ಮರುದಿನ ಭರಮಣ್ಣ ಗಂಟು ಹೊತ್ತು ಬಂದು ಸುಮ್ಮನೆ ನಿಂತ. ಮಲ್ಲಿಗೆಯನ್ನು ನೋಡಿದ. ಸದ್ದು ಇನ್ನೂ ಆಗಿರಲಿಲ್ಲ, ಆದರೆ ಅದು ಆಗಲೇ ಕಿವಿ ಹಿಂದಕ್ಕೆ ಒತ್ತಿ, ಕಣ್ಣು ಮುಚ್ಚಿ, ಏಟಿಗೆ ಕಾಯುತ್ತಿತ್ತು. ಭರಮಣ್ಣ ಮೊಣಕಾಲು ಬಗ್ಗಿಸಿದ. ಗಂಟನ್ನು ಎದೆಗೆ ತಂದ, ತೊಡೆಗೆ ತಂದ, ನೆಲಕ್ಕೆ ಇಟ್ಟ. ಎತ್ತಲಿಕ್ಕೆ ಬರುವವನಿಗೆ ಇಳಿಸಲಿಕ್ಕೆ ಬರುವುದಿಲ್ಲ ನೋಡಿ! ಬೆನ್ನು ಕಿರ್ರೆಂದಿತು. ಮಲ್ಲಿಗೆ ಒಂದು ಕಣ್ಣು ತೆಗೆಯಿತು.

ಅಲ್ಲಿಂದಾಚೆ ಅವನು ಹಳ್ಳಕ್ಕೆ ಹತ್ತಿರದ ದಾರಿಯಲ್ಲೇ ಹೋಗುತ್ತಿದ್ದ. ಕಟ್ಟೆಯವರು ಅವನನ್ನು ನೋಡುವುದು ನಿಂತುಹೋಯಿತು. ಮಲ್ಲಿಗೆ ಸೆರಗಿನ ಹಿಂದೆ ಅಡಗುವುದೂ ನಿಂತಿತು. ಒದರಿತೇ? ಇಲ್ಲ.

ಕಾರಹುಣ್ಣಿಮೆ ಮುಗಿಯಿತು, ಮರುದಿನ ಬಂತು. ಮೈದಾನದಲ್ಲಿ ಹಿರಿಯರು ಕೂರಲಿಕ್ಕೆ ಮಡಿ ಬಟ್ಟೆ ಹಾಸುವವಳು ತಿಪ್ಪವ್ವ, ಅವಳ ಬೆನ್ನಿಗೆ ಮಲ್ಲಿಗೆ. ಭರಮಣ್ಣ ಜನರ ನಡುವೆ ಕೈಕಟ್ಟಿ ನಿಂತಿದ್ದ. ಅವನ ಬದಲು ಊರಿನ ಪರವಾಗಿ ಗೌಡರ ಅಳಿಯ ಬಂದ. ಕಲ್ಲಿಗೆ ನಮಸ್ಕಾರ ಮಾಡಿದ, ಕಲ್ಲನ್ನು ತಬ್ಬಿಕೊಂಡ, ಕಲ್ಲಿನ ಮೇಲೆ ಕೂತು ನೀರು ಕೇಳಿದ. ಅವನ ಕತೆ ಅಷ್ಟೇ.

ಪಕ್ಕದೂರಿನ ಉಡಚಪ್ಪ ಬಂದ. ಅವನ ಹೊಟ್ಟೆ ಮೊದಲು ಬಂತು, ಆಮೇಲೆ ಅವನು ಬಂದ. "ಎತ್ತಲೇನ್ರಪಾ?" "ಎತ್ತೋ!" ಮೊದಲ ಸಲ ಎಸೆದ. ದಢ್! ಮಲ್ಲಿಗೆ ನಡುಗಿತು. ಎರಡನೆಯ ಸಲ ಎಸೆದ. ದಢ್! ಮಲ್ಲಿಗೆಯ ಕುಂಟುಕಾಲು ಮಡಚಿ, ಅದು ಮಡಿಯ ಮೇಲೇ ಕುಸಿಯಿತು. ಜನ ಕಲ್ಲು ನೋಡುತ್ತಿದ್ದರು. ಭರಮಣ್ಣ ಮಲ್ಲಿಗೆಯನ್ನು ನೋಡುತ್ತಿದ್ದ.

ಮೂರನೆಯ ಸಲ. ಕಲ್ಲು ಮೊಣಕಾಲಿಗೆ ಬಂತು, ಎದೆಗೆ ಬಂತು, ಹೆಗಲಿಗೆ ಬಂತು. ಮಲ್ಲಿಗೆ ಕಿವಿ ಒತ್ತಿತು, ಕಣ್ಣು ಮುಚ್ಚಿತು. ಉಡಚಪ್ಪ ಹಿಂದಕ್ಕೆ ಎಸೆದ.

ಸದ್ದಿಲ್ಲ.

ಉಡಚಪ್ಪ ಎರಡೂ ಕೈ ಮೇಲೆತ್ತಿ ದಢ್‌ಗಾಗಿ ಕಾದ. ಬರಲಿಲ್ಲ. ತಲೆ ಕೆರೆದುಕೊಂಡ. ಆಕಾಶ ನೋಡಿದ. "ಕಲ್ಲು ಎಲ್ಲಿ ಹೋತು?" ಅಂತ ಹೊರಳಿದರೆ, ಬೆನ್ನ ಹಿಂದೆ ಭರಮಣ್ಣ! ಜನರ ನಡುವಿನಿಂದ ನುಗ್ಗಿ ಬಂದು, ಬೀಳುವ ಕಲ್ಲನ್ನು ಹಿಡಿದು ಎದೆಗೆ ಆನಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಾನೆ.

ಇಡೀ ಮೈದಾನ ಗಪ್. ಆ ಗಪ್ಪಿನಲ್ಲಿ ಮಲ್ಲಿಗೆ ಒಂದು ಕಿವಿ ಎತ್ತಿತು, ಎರಡನೆಯ ಕಿವಿ ಎತ್ತಿತು. ಎದ್ದು ನಿಂತಿತು. ಭರಮಣ್ಣನ ಮುಖಕ್ಕೆ ಮುಖ ಕೊಟ್ಟು, ಬಾಯಿ ತೆಗೆದು, ಒಂದು ವರ್ಷ ನುಂಗಿದ್ದನ್ನೆಲ್ಲ ಒಟ್ಟಿಗೇ ಒದರಿತು. ಊರಿನ ಕೋಳಿಗಳು ಬೆಳಗಾಯಿತೆಂದು ಕೂಗಿದವು.

ಜನ ನಕ್ಕರು. ಹೋದ ಸಲದ ಹಾಗೆಯೇ ನಕ್ಕರು. ಕಲ್ಲು ಎದೆಯ ಮೇಲಿದೆ, ಕತ್ತೆ ಒದರುತ್ತಿದೆ, ಜನ ನಗುತ್ತಿದ್ದಾರೆ. ಗೌಡರು ಕಣ್ಣು ಮುಚ್ಚಿಕೊಂಡರು.

ಭರಮಣ್ಣ ಅಲ್ಲಾಡಲಿಲ್ಲ.

ತಿಪ್ಪವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಕೊಟ್ಟ ಮಾತು ಕೊಟ್ಟೇನಿ. ಎತ್ತಪಾ ಭರಮಣ್ಣ."

"ಎತ್ತೇನಿ ಯವ್ವಾ" ಅಂದ ಅವನು, ಹಲ್ಲು ಕಚ್ಚಿ. "ಇಳಿಸಲೇನು?"

"ಇಳಿಸು. ಸಾವಕಾಶ."

ಎದೆಯಿಂದ ತೊಡೆಗೆ ತಂದ, ತೊಡೆಯಿಂದ ನೆಲಕ್ಕೆ ಇಟ್ಟ. ಮಲಗಿದ ಕೂಸನ್ನು ತೊಟ್ಟಿಲಿಗೆ ಇಡುವ ಹಾಗೆ.

ಆಮೇಲೆ ಜಗಳವಾಯಿತು, ಆಗದೆ ಇರುತ್ತದೆಯೇ? ಪಕ್ಕದೂರಿನವರು ಗೆದ್ದೆವು ಅಂದರು. ಗೌಡರು "ದಢ್ ಎಲ್ಲೈತಿ? ತೋರಸ್ರಿ!" ಅಂದರು. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕೊನೆಗೆ ಎರಡೂ ಊರಿನವರು ಸೇರಿ ಹೋಳಿಗೆ ಮಾಡಿದರು. ಗಂಡಸರು ಲಟ್ಟಿಸಿದರು. ಗೌಡರ ಹೋಳಿಗೆ ಮಾತ್ರ ಯಾವ ಆಕಾರದಲ್ಲಿತ್ತು ಅಂತ ಕೇಳಬೇಡಿ. ಅದನ್ನು ತಿಂದದ್ದು ಮಲ್ಲಿಗೆ.

ಊಟದ ಹೊತ್ತಿಗೆ ಭರಮಣ್ಣ ತಿಪ್ಪವ್ವನ ಹತ್ತಿರ ಬಂದು ನಿಂತ. "ಹಂಗಾದ್ರ ತಪ್ಪು ಮಾಫ್ ಆತೇನಬೇ?"

ತಿಪ್ಪವ್ವ ಅವನನ್ನು ನೋಡಲಿಲ್ಲ, ಮಲ್ಲಿಗೆಯ ಕಾಲು ನೋಡಿದಳು. "ಕಾಲು ನೆಟ್ಟಗಾತೇನು?"

"ಇಲ್ಲ."

"ಮತ್ತ? ವರ್ಷಕ್ಕೊಂದು ದಿನ ಕಲ್ಲು ಎತ್ತು, ನಾ ಬ್ಯಾಡ ಅನ್ನೂದಿಲ್ಲ. ಉಳಿದ ದಿನ ಗಂಟು ಹೊರು. ನಾಳೆ ಗೌಡ್ರ ಮನಿ ಕಂಬಳಿ ಅದಾವು, ಲಗೂ ಬಾ."

"ಹೂಂ" ಅಂದ ಭರಮಣ್ಣ.

ಅವತ್ತಿನಿಂದ ಆ ಊರಿನಲ್ಲಿ ಕಲ್ಲು ಎಸೆಯುವುದಿಲ್ಲ, ಇಳಿಸುತ್ತಾರೆ. ಸದ್ದಾದರೆ ಲೆಕ್ಕಕ್ಕಿಲ್ಲ. ಸದ್ದಾಯಿತೋ ಇಲ್ಲವೋ ಹೇಳುವವರು ಯಾರು? ಮಡಿ ಹಾಸಿ ಪಕ್ಕದಲ್ಲೇ ನಿಲ್ಲಿಸುತ್ತಾರಲ್ಲ, ಆ ಮಲ್ಲಿಗೆಯ ಕಿವಿಗಳು.

ಅಂಥವನನ್ನು ಮತ್ತೆ ಕಲ್ಲಿನ ಹತ್ತಿರ ಬಿಟ್ಟದ್ದೇ ತಪ್ಪು ಅನ್ನುವವರು ಆ ಊರಿನಲ್ಲಿ ಈಗಲೂ ಇದ್ದಾರೆ. ಇರಲಿ, ಇರಬೇಕು. ನೀವೇನಂತೀರಿ? ಇಷ್ಟು ಹೊತ್ತು ಮಾತುಮಾತಿಗೂ ಹೂಂ ಅಂದಿರಿ, ಈಗ ಯಾಕೆ ಸುಮ್ಮನಾದಿರಿ?

ಸರಿ, ಯೋಚನೆ ಮಾಡಿ. ನಾನು ಹೊತ್ತು ತಂದ ಕತೆಯನ್ನು ಇಗೋ, ಸದ್ದಾಗದ ಹಾಗೆ, ಇಲ್ಲೇ ಇಳಿಸಿದೆ.