ಹೊರಗ ಹನ್ನೆರಡ ಹೆಜ್ಜಿ

ಅಯ್ಯಯ್ಯ, ಅಲ್ಲಿ ಬೆನ್ನ ಹಚ್ಚಬ್ಯಾಡ್ರಿ ಶೆಟ್ಟೆಪ್ಪಣ್ಣಾರ! ಅದು ಗ್ವಾಡಿ ಅಲ್ಲ, ಮಂಚ... ಹೂಂ ರೀ, ಮಂಚ! ರಾತ್ರಿ ಕೆಳಗ ಇಳಸೂದು, ಮುಂಜಾನಿ ಮ್ಯಾಲ ಎತ್ತಿ ಕೊಂಡಿ ಹಾಕೂದು. ಕೊಂಡಿ ಜರಾ ಸಡ್ಲ ಐತಿ. ಮಗಳ್ನ ಕೊಡಾಕಂತ ಮನಿ ನೋಡಾಕ ಬಂದ ಬೀಗರು ಮಂಚದ ಬುಡಕ ಸಿಕ್ಕೊಂಡ್ರು ಅಂದ್ರ ಹುಕ್ಕೇರಿ ಮಂದಿ ನನ್ನ ಸುಮ್ಮನ ಬಿಡ್ತಾರೇನ್ರಿ? ಹಿಂಗ ಬರ್ರಿ, ಈ ಡಬ್ಬಿ ಮ್ಯಾಲ ಕುಂದರ್ರಿ.

ಯಾಕ ನಗ್ತೀರಿ? ಬೀಗರು ಅಂದದ್ದಕ್ಕ? ಇನ್ನಾ ಆಗಿಲ್ಲ ಬಿಡ್ರಿ, ಒಪ್ಪಿದ್ನಿ. ಹೋದ ಐತವಾರ ನಾವು ಮೇಲವಂಕಿಗೆ ಬಂದು ನಿಮ್ಮ ಮಗಳ್ನ ನೋಡಿದ್ವಿ, ಉಪ್ಪಿಟ್ಟ ತಿಂದ್ವಿ, ನಮ್ಮ ಹುಡುಗ ಈಶ್ವರ ಅಲ್ಲೇ ಹೂಂ ಅಂದ. ಇವತ್ತ ನೀವು ಮನಿ ನೋಡಾಕ ಬಂದೀರಿ. ಮನಿ ಮನಸಿಗೆ ಬಂದ್ರ ಮುಂದಿನ ಮಾತು. ಪದ್ಧತಿ ಅಂದ್ರ ಪದ್ಧತೀನ. ಆದ್ರ ಬಾಯಿ ತಪ್ಪಿ ಒಮ್ಮಿ ಬೀಗರು ಅಂದ್ರ ಏನ್ ಪಾಪ ಬರೂದಿಲ್ಲಲ್ಲ?

ಕುಂದರ್ರಿ, ಗಟ್ಟಿ ಐತಿ ಅದು. ಒಳಗ ಒಂದ ಚೀಲ ಜ್ವಾಳ ಐತಿ. ನಮ್ಮ ಮನ್ಯಾಗ ಕುರ್ಚಿ ಬ್ಯಾರೆ, ಜ್ವಾಳದ ಡಬ್ಬಿ ಬ್ಯಾರೆ ಇಲ್ರಿ. ಎರಡೂ ಒಂದ. ನಮ್ಮಕಿ, ಈಶ್ವರನ ಅವ್ವ ಶಿವಗಂಗಾ, ಬೀಸಾಕ ಜ್ವಾಳ ಬೇಕಂದ್ಲಂದ್ರ ಬಂದವ್ರು ಒಂಚೂರ ಎದ್ದ ನಿಂದರಬೇಕು, ಅಷ್ಟ. ಗಾದಿ ಹೆಂಗೈತಿ? ಮೆತ್ತಗ ಐತಿ ಅಲ್ರಿ? ನಮ್ಮ ಮಗಳು ರಾಜೇಶ್ವರಿ ಹೊಲದಾಳ, ಮೊನ್ನಿ... ಅಂದ್ರ ಮೊನ್ನಿ ಬಂದಿದ್ಲು ಆಕಿ, ಆವಾಗ ಹೊಲದು ಇಟ್ಟು ಹ್ವಾದ್ಲು. ಕಣಗಲಾಕ್ಕ ಕೊಟ್ಟೇವಲ್ರಿ ಆಕೀನ. ಅರಾಮ ಅದಾಳ. ಅಗದಿ ಅರಾಮ ಅದಾಳ. ಗಂಡನ ಮನಿ ದೊಡ್ಡದು, ಹಾಂ... ಇರ್ಲಿ, ಆ ಮಾತ ಯಾಕ ಈಗ? ಮನಿ ನೋಡೂನು.

ಈಶ್ವರ ಈಗ ಬರ್ತಾನ್ರಿ. ನಿಮಗಂತ ಕರದಂಟ ತರಾಕ ಹೋಗ್ಯಾನ. ನಾಚಗೊಂಡ ಹೋಗ್ಯಾನಂತ ನನ್ನ ಲೆಕ್ಕ. ಮೂವತ್ನಾಕ ಆತ್ರಿ ಅವಗ. ನಿಮ್ಮ ಮುಂದ ಮುಚ್ಚಿ ಇಡೂದೇನು, ಎರಡ ಕಡಿಂದ ಮಾತು ಬಂದು ಹಿಂದ ಸರದಾವ. ಮನಿ ಸಣ್ಣದಂತ! ಹುಡುಗ ಛಲೋ, ನೌಕರಿ ಛಲೋ, ಮನಿ ಸಣ್ಣದಂತ! ಇದೊಂದ ಕೂಡಿ ಬರಲಿಲ್ಲಂದ್ರ ಆ ಹುಡುಗ ಇನ್ನ ಮದಿವಿ ಮಾತ ಎತ್ತಬ್ಯಾಡ್ರಿ ಅಂದಾನ. ಅದಕ್ಕ ನಾ ನಿಮಗ ಕೈ ಮುಗದು ಹೇಳೂದು, ಮನೀನ ಬರೇ ಕಣ್ಣೀಲೆ ನೋಡಬ್ಯಾಡ್ರಿ, ಜರಾ ತೆಲಿ ಓಡಿಸಿ ನೋಡ್ರಿ.

ನಾ ಮೂವತ್ತೆರಡ ವರ್ಷ ಬಸ್ಸಿನ ಕಂಡಕ್ಟರ್ ಇದ್ದಾವ. ಹುಕ್ಕೇರಿ-ಗೋಕಾಕ, ಗೋಕಾಕ-ಮೂಡಲಗಿ. ಸಂತಿ ದಿನ ಐವತ್ತ ಸೀಟಿನ ಗಾಡ್ಯಾಗ ನೂರಾ ಹತ್ತ ಮಂದಿ, ಅದರಾಗ ಕೋಳಿ, ಬದನಿಕಾಯಿ ಬುಟ್ಟಿ, ಒಮ್ಮೊಮ್ಮಿ ಆಡಿನ ಮರಿ! 'ಜಾಗಾ ಇಲ್ಲ' ಅಂತ ಒಂದಿನಾನೂ ಅಂದಾವ ಅಲ್ರಿ ಈ ರಾಚಪ್ಪ. ಜಾಗಾ ಅನ್ನೂದು ಇರೂದಿಲ್ಲ, ಅದನ್ನ ಮಾಡಬೇಕು. ಅಂಥಾವಗ ಅಣ್ಣತಮ್ಮರು ಪಾಲಾದಾಗ ವಾಟ್ನಿಯೊಳಗ ಹತ್ತ ಫೂಟ ಅಗಲದ ಮನಿ ಬಂತು. ನಮ್ಮಕಿ ಅತ್ಲು. ನಾ ಅಳಲಿಲ್ಲ, ಮೊಬೈಲ್ ತಗದೆ. ಅದರಾಗ ಒಬ್ಬಾಂವ ಜಪಾನದಾಂವ, ನಮ್ಮ ಎಮ್ಮಿ ಕಟ್ಟೂ ಜಾಗದಷ್ಟರಾಗ ಅಡಗಿಮನಿ, ಬಚ್ಚಲಾ, ಮಲಗೂ ಖೋಲಿ ಎಲ್ಲಾ ಮಾಡ್ಯಾನ. ಅಂವಗ ಬಂದದ್ದು ನನಗ ಬರೂದಿಲ್ಲೇನು? ಮೊದಲ ಹಳೇ ಮಣ್ಣಿನ ಗ್ವಾಡಿ ಕೆಡವಿದ್ನಿ. ಎರಡ ಫೂಟ ದಪ್ಪ ಇತ್ರಿ ಅದು, ಸುಮ್ಮನ ಜಾಗಾ ತಿನ್ನಾಕತ್ತಿತ್ತು! ಈಗೆಲ್ಲಾ ನಾಕ ಇಂಚಿನ ಇಟ್ಟಂಗಿ ಗ್ವಾಡಿ. ಒಂದ ಗೇಣ ಜಾಗಾ ಲುಕ್ಸಾನ ಮಾಡಿಲ್ಲ ನೋಡ್ರಿ ಈ ಮನ್ಯಾಗ, ಒಂದ ಗೇಣ!

ಮ್ಯಾಲ ನೋಡ್ರಿ. ಏನ್ ಕಾಣಸ್ತೈತಿ? ಭಾಂಡೆ. ಬುಟ್ಟಿ ಸಮೇತ ಜೋತ ಬಿದ್ದಾವ. ಹಳೇ ಬಾವಿ ಗಡಗಡಿ ತಂದು ಹಚ್ಚೇನಿ. ಹಗ್ಗ ಬಿಟ್ರ ಭಾಂಡೆ ಕೆಳಗ, ಜಗ್ಗಿದ್ರ ಮ್ಯಾಲ. ಸೊಸಿ ಬಂದ್ಲಂದ್ರ ಬಾಗೂದ ಬ್ಯಾಡ, ಏಳೂದ ಬ್ಯಾಡ. ಒಂದ ಸಲ ಹಗ್ಗ ಹರದಿತ್ತು ಖರೆ. ನಮ್ಮಕಿ ತೆಲಿಗೆ ಸಣ್ಣ ಪೆಟ್ಟ, ಮೂರ ಹೊಲಗಿ. ಈಗ ನೈಲಾನ್ ಹಗ್ಗ ಹಾಕೇನಿ.

ಇದು ಬಾಗಲಾ ಅಂತ ತಿಳದೀರಿ? ಊಟದ ಟೇಬಲ್! ನಮ್ಮ ಮುತ್ತ್ಯಾನ ಕಾಲದ ಕದಕ್ಕ ಬಿಜಾಗರಿ ಹಚ್ಚಿ ಗ್ವಾಡಿಗೆ ಕೂಡಿಸೇನಿ. ಉಣ್ಣೂ ಹೊತ್ನ್ಯಾಗ ಕೆಳಗ, ಉಂಡ ಮ್ಯಾಲ ಮ್ಯಾಲ. ಉಣ್ಣೂ ಮುಂದ ಯಾರೂ ಬಚ್ಚಲಕ್ಕ ಹೋಗಾಕ ಬರೂದಿಲ್ಲ, ಹಾದಿ ಕಟ್ಟತೈತಿ. ಅದಕ್ಕ ಎಲ್ಲಾರೂ ಮೊದಲ ಹೋಗಿ ಬರೂದು. ಶಿಸ್ತ ಬಂತಲ್ರಿ ಮನ್ಯಾಗ!

ಈ ಮಾಡದಾಗ ನೋಡ್ರಿ. ದೇವರ ಜಗಲಿ. ಕೈ ಮುಗದ್ರ್ಯಾ? ಮುಗೀರಿ... ಆತಿಲ್ಲ? ಈಗ ತಿರುವತೇನಿ ನೋಡ್ರಿ. ಹಿಂದ ಟೀವಿ! ಪೂಜಿ ಆತು, ತಿರುವಿದಿ, ಧಾರಾವಾಹಿ ಚಾಲೂ. ಒಂದ ಹಲಗಿ, ಎರಡ ಕೆಲಸ. ಹೋದ ಸೋಮವಾರ ಈಶ್ವರ ತಿರುವೂದ ಮರತಿದ್ದ, ನಮ್ಮಕಿ ಕಣ್ಣ ಮುಚ್ಚಿ ಸಾಬಾಣಿನ ಜಾಹೀರಾತಿಗೆ ಮಂಗಳಾರತಿ ಬೆಳಗಿ ಬಿಟ್ಟಾಳ. ...ನಗ್ರಿ, ನಗ್ರಿ! ನಕ್ಕ್ರ ಛಲೋ. ನೀವು ಬಂದಾಗಿಂದ ಒಂದ ಮಾತ ಆಡಿಲ್ಲ.

ಏನು, ಕಾಲ ತೋರಸ್ತೀರಿ? ಓ, ತೊಳಕೋತೀರಿ? ಹೊರಗ ಗ್ವಾಡಿ ಬಾಜೂಕ ಹಿಡದ ಹೋಗ್ರಿ, ಹಿತ್ತಲದಾಗ ನಳ ಐತಿ... ಏ ಶಿವಗಂಗಾ, ಚಾ ಆತೇನ? ಬೀಗರು... ಶೆಟ್ಟೆಪ್ಪಣ್ಣಾರು ಕಾಲ ತೊಳ್ಯಾಕ ಹೋಗ್ಯಾರ, ಲಗೂ ಮಾಡು.

ಬಂದ್ರ್ಯಾ? ಭಾಳ ಹೊತ್ತ ಹಚ್ಚಿದ್ರಲ್ರಿ. ಕಿಟಕ್ಯಾಗಿಂದ ನೋಡಿದ್ನಿ, ಗ್ವಾಡಿ ಗುಂಟ ಸಾವಕಾಶ ಹೆಜ್ಜಿ ಹಾಕಾಕತ್ತಿದ್ರಿ. ಹೊಲಾ ಅಳದ ಕಾಲು ನೋಡ್ರಿ ನಿಮ್ಮವು, ಸುಮ್ಮ ನಡ್ಯಾಕ ಬರೂದಿಲ್ಲ ಅವಕ್ಕ. ಬರ್ರಿ, ಕುಂದರ್ರಿ.

ಮತ್ಯಾಕ ನಿಂತ್ರಿ? ಹೊಚ್ಚಲಕ್ಕ ಹಿಮ್ಮಡ ಹಚ್ಚಿ ನಿಂತೀರಲ್ಲ... ಮುಳ್ಳ ಚುಚ್ಚೇತೇನು? ಇಲ್ಲ? ...ಒಂದ, ಎರಡ... ಅಯ್ಯ, ಬಾಯಾಗ ಎಣಸಾಕತ್ತೀರಿ! ಮನ್ಯಾಗೂ ಅಳತೀನ? ಹಹ್ಹಾ, ಅಳೀರಿ, ಅಳೀರಿ. ಆ ಪೈಪ್ ನೋಡಿ ಹಾಯ್ರಿ, ಬೋರಿನ ಪೈಪ್ ಕೊಯ್ದು ಚಪ್ಪಲಿ ಇಡಾಕ ಮಾಡೇನಿ. ಏಳ, ಎಂಟ... ಒಂಬತ್ತ... ಹತ್ತ. ಸಾಕ್ರಿ, ಮುಂದ ಕಪಾಟ ಐತಿ. ಹಾಂ, ಕಪಾಟಿಗೆ ಮನಿ ಮುಗೀತು. ಅಷ್ಟ ಮನಿ.

ಕೈ ಬಳ್ಳ ತೋರಸ್ತೀರಿ... ಏನದು? ಹತ್ತ. ಒಳಗ ಹತ್ತ ಹೆಜ್ಜಿ. ಮತ್ತ... ಹೊರಗ ಹನ್ನೆರಡ.

...ಇರ್ತೈತ್ರಿ. ಹೊರಗಿಂದಕೂ ಒಳಗಿಂದಕೂ ಫರಕ ಇರೂದ. ಗ್ವಾಡಿ ದಪ್ಪ ಇರ್ತಾವಲ್ಲ, ಹಳೇ ಮನಿ, ಮಣ್ಣಿನ ಗ್ವಾಡಿ...

ಹಾಂ. ಕೆಡವೇನಿ ಅಂದ್ನಿ. ಈಗ ನಾನ ಹೇಳಿದ್ನಿ, ನಾಕ ಇಂಚ ಅಂತ. ಹೌದು. ಅಂದ್ರ ಆ ಕಡೆ ಗ್ವಾಡಿ ಒಂದ ಬಿಟ್ಟೇನ್ರಿ, ಕೆಡವಿಲ್ಲ. ಅದರ ಹಿಂದ ನೀರಿನ ಟಾಕಿ ಐತಿ. ದೊಡ್ಡ ಟಾಕಿ. ಹುಕ್ಕೇರ್ಯಾಗ ನಳಕ್ಕ ಯಾವಾಗ ನೀರ ಬರ್ತೈತಿ ಯಾವಾಗ ಇಲ್ಲ... ಟಾಕಿ ಬೇಕಲ್ರಿ? ...ಟಾಕಿಗೆ ಯಾಕ ಕಿಟಕಿ ಅಂತ ಕೇಳೂ ಹಂಗ ನೋಡಬ್ಯಾಡ್ರಿ. ಹಿತ್ತಲ ಕಡಿಂದ ನೋಡಿದ್ರ್ಯಾ ಅದನ? ಗಾಳಿ ಆಡಾಕ ಇಟ್ಟೇವಿ. ನೀರಿಗೂ ಗಾಳಿ ಬೇಕು. ಅಂದ್ರ... ಬರೇ ಟಾಕಿ ಅಲ್ಲ ಅದು, ಸಾಮಾನನೂ ಅದಾವ. ಹಳೇ ಸಾಮಾನ.

ತಗೀರಿ ಅಂತೀರಿ? ಕೈ ತೋರಸಬ್ಯಾಡ್ರಿ ಆ ಕಡೆ. ಕಪಾಟಿನ ಕೀಲಿ ಈಶ್ವರನ ಹತ್ರ ಐತಿ. ಬ್ಯಾರೆ ಏನ್ ಬೇಕಾದ್ದ ತಗದ ನೋಡ್ರಿ. ಮಂಚ ಇಳಸಲಿ? ಟೇಬಲ್ ಇಳಸಲಿ? ಟೀವಿ ತಿರುವಲಿ? ಅದೊಂದ ಬಿಡ್ರಿ.

ಅಲ್ರಿ ಶೆಟ್ಟೆಪ್ಪಣ್ಣಾರ, ನೀವು ಮನಿ ನೋಡಾಕ ಬಂದೀರೋ ಸರ್ವೆ ಮಾಡಾಕ ಬಂದೀರೋ? ಎರಡ ಹೆಜ್ಜಿ! ಎರಡ ಹೆಜ್ಜಿ ಸಲುವಾಗಿ ಒಂದ ಸಂಬಂಧ ಮುರೀತಾರೇನ್ರಿ? ನಿಮ್ಮ ಮನಿಗೆ ಬಂದಾಗ ನಾವ ಯಾವ ಕಪಾಟ ಮುಟ್ಟಿದ್ವಿ? ಕೊಟ್ಟ ಉಪ್ಪಿಟ್ಟ ತಿಂದು ಎದ್ದ ಬಂದ್ವಿ! ಮಂದಿ ಮನ್ಯಾಗ ಕುಂತು ಹಿಂಗ... ಹಿಂಗ...

ಏನರ ಅನ್ರಿ ಮಾರಾಯ್ರ. ಬೈಯ್ರಿ, ಎದ್ದ ಹೋಗ್ರಿ. ಹಿಂಗ ಮತ್ತ ಡಬ್ಬಿ ಮ್ಯಾಲ ಕುಂತು ಮಾರಿ ನೋಡ್ಕೋತ ಸುಮ್ಮ ಇರಬ್ಯಾಡ್ರಿ. ಬಸ್ಸಿನ್ಯಾಗ ಜಗಳ ಆಡೂ ಮಂದೀನ ನೋಡೇನಿ, ನನ್ನ ಕಾಲರ ಹಿಡದವರನ್ನೂ ನೋಡೇನಿ. ಸುಮ್ಮ ಕುಂದರೂ ಮನಶ್ಯಾನ ಮುಂದ ಏನ್ ಮಾಡಬೇಕಂತ ನನಗ ತಿಳ್ಯೂದಿಲ್ಲ.

...ಆಕಿ ಅದಾಳ್ರಿ ಒಳಗ.

ರಾಜೇಶ್ವರಿ. ನನ್ನ ಮಗಳು. ಕಣಗಲಾದಾಗ ಇಲ್ಲ ಆಕಿ. ಬಂದು ಎಂಟ ತಿಂಗಳಾತು. ಗಂಡ ಹೊಡೀತಿದ್ದ. ಮೂರ ಸಲ ನಾನ ತಿಳಿಸಿ ಹೇಳಿ ಬಿಟ್ಟ ಬಂದ್ನಿ, ನಾಕನೇ ಸಲ ಆಕಿನ ನಡಕೋತ ರೋಡಿಗೆ ಬಂದು ಬಸ್ಸ ಹತ್ತಿ ಬಂದ್ಲು. ಒಂದ ಕಣ್ಣ ತೆರ್ಯಾಕ ಬರ್ತಿರಲಿಲ್ಲ. ಆವತ್ತ ನಾ ಅಂದ್ನಿ, ಇನ್ನ ಹೋಗೂದ ಬ್ಯಾಡವ್ವಾ, ಇಲ್ಲೇ ಇರು ಅಂತ. ಖರೇನ ಅಂದ್ನಿ.

ಆಕಿ ಸಲುವಾಗೇ ಮಾಡಿದ್ದು ಅದನ್ನ. ಮೊದಲ ಬರೇ ಒಂದ ಪರದೆ ಕಟ್ಟಿದ್ನಿ, ಹೆಣ್ಣಮಗಳು, ಆಕೀದಂತ ಒಂದ ಖೋಲಿ ಇರಲಿ ಅಂತ. ಕಿಟಕಿ ಇಟ್ಟೆ, ಹೊಲಿಗಿ ಮಶಿನ್ ಇಟ್ಟೆ. ಎಷ್ಟ ಖುಷಿ ಪಟ್ಲು ಗೊತ್ತೇನ್ರಿ? ಆಮ್ಯಾಲ ಮೊದಲನೇದವ್ರು ಬಂದ್ರು ಮನಿ ನೋಡಾಕ. ಆಕಿನ ಚಾ ತಂದ ಕೊಟ್ಲು. ಇಕಿ ಯಾರು ಅಂದ್ರು. ಹೇಳಿದ್ನಿ. ಎರಡ ದಿನಕ್ಕ 'ಬ್ಯಾಡ' ಅಂತ ಫೋನ್ ಬಂತು. ಎರಡನೇದವ್ರು ಮಾರಿ ಮ್ಯಾಲ ಅಂದ್ರು, ಗಂಡನ್ನ ಬಿಟ್ಟ ಬಂದ ನಾದ್ನಿ ಇರೂ ಮನಿಗೆ ನಮ್ಮ ಹುಡಗೀನ ಹೆಂಗ ಕೊಡೂದ್ರಿ ಅಂತ. ಮನಿ ಸಣ್ಣದಂತ ಅಲ್ಲ. ಮನಿ ಸಣ್ಣದಂತ ಯಾರೂ ಅಂದಿಲ್ಲ.

ಆವಾಗ ಪರದೆ ತಗದ್ನಿ, ಕಪಾಟ ಹಚ್ಚಿದ್ನಿ. ಬಾಗಲಾ ಐತಂತ ಯಾರಿಗೂ ಗೊತ್ತಾಗಬಾರದು, ಅಂಥಾ ಬಿಜಾಗರಿ ಗೋಕಾಕದಿಂದ ಹುಡಿಕ್ಯಾಡಿ ತಂದ್ನಿ. ಅಗದಿ ಛಂದ ಕೂತ್ರಿ. ಹಿಂದ ಸರದ ನಿಂತು ನೋಡಿ, ನನಗ ನಾನ ಶಾಬಾಸ್ ಅಂದಕೊಂಡ್ನಿ. ಒಳಗ ಆಕಿ ಮಶಿನ್ ಸಪ್ಪಳ ನಿಂತಿತ್ತು. ಅದು ಆಮ್ಯಾಲ ತಿಳೀತು ನನಗ. ಇವತ್ತ ಮುಂಜಾನಿ ನಾ ಏನೂ ಹೇಳಿಲ್ರಿ. ಆಕಿನ ಒಂದ ತಂಬಿಗಿ ನೀರ ತಗೊಂಡು ಒಳಗ ಹೋಗಿ ಕಪಾಟ ಎಳಕೊಂಡ್ಲು. ಎಳಕೊಳ್ಳೂ ಮುಂದ 'ಅಪ್ಪಾ, ಚಲೋತಂಗ ಮಾತಾಡು' ಅಂದ್ಲು. ನನಗ ನಾಚಿಕಿ ಬರಬೇಕಿತ್ತು. ಬರಲಿಲ್ಲ. ಕಪಾಟ ಛಂದ ಮುಚ್ಚೇತೋ ಇಲ್ಲೋ ಅಂತ ನೋಡಿದ್ನಿ.

ಕೀಲಿ ಇಲ್ರಿ ಇದಕ್ಕ. ಈಶ್ವರನ ಹತ್ರಾನೂ ಇಲ್ಲ. ಹಿಂಗ ಜಗ್ಗಿದ್ರ ಬರ್ತೈತಿ, ನೋಡ್ರಿ... ರಾಜವ್ವಾ. ಬಾ ಹೊರಗ. ಬಾ ಅವ್ವಾ, ಸಾಕಿನ್ನ... ಎಲ್ಲಾ ಹೇಳೇನಿ ನಾ. ಯಾಕ ಹಿಂದ ಸರೀತಿ? ಬಾ. ಇವ್ರು ಮೇಲವಂಕಿ ಶೆಟ್ಟೆಪ್ಪಣ್ಣಾರು. ಇಕಿ ನನ್ನ ಮಗಳ್ರಿ. ಸೆರಗ ನೆನದೈತಿ ನೋಡ್ರಿ ಬೆವರೀಲೆ, ಕರೆಂಟ ಹೋಗಿತ್ತಲ್ಲ ಮುಂಜಾನಿಂದ, ಒಳಗ ಫ್ಯಾನ್ ಇರಲಿಲ್ಲ.

ಎದ್ದ್ರ್ಯಾ ಶೆಟ್ಟೆಪ್ಪಣ್ಣಾರ? ಹೊಂಟ್ರ್ಯಾ? ...ಹೋಗ್ರಿ. ನಿಮ್ಮದೇನ ತಪ್ಪಿಲ್ಲ. ಮಗಳ್ನ ಕೊಡೂದು, ನೋಡೇ ಕೊಡಬೇಕು. ಸುಳ್ಳ ಹೇಳಿದಾವ ನಾನು. ಚಾ ಒಂದ ಕುಡದ ಹೋಗ್ರಿ, ಅಷ್ಟ ಕೇಳ್ತೇನಿ, ಬ್ಯಾರೆ ಏನೂ...

ಏನು? ಹೋಗೂದಿಲ್ಲ? ಮತ್ತ ಯಾಕ ಎದ್ದ ನಿಂತೀರಿ? ಯಾರಿಗೆ ಕೈ ಮಾಡ್ತೀರಿ... ಆಕೀಗೆ? ನಿಮ್ಮ ಜಾಗಾದಾಗ ಆಕೀಗೆ ಕುಂದರ ಅಂತೀರಿ?

ಕುಂದರವ್ವಾ. ದೊಡ್ಡವರು ಬಿಟ್ಟ ಕೊಟ್ಟಾರ, ಕುಂದರು. ...ಇಷ್ಟ ಮಾಡಿದ್ನಲ್ರಿ ಮನ್ಯಾಗ, ಮಂದಿ ಬಂದಾಗ ಇಕಿ ಎಲ್ಲಿ ಕುಂದರಬೇಕು ಅನ್ನೂದೊಂದ ನನ್ನ ತೆಲ್ಯಾಗ ಬರಲಿಲ್ಲ.