ಅಂಗಿಯೊಳಗಿನ ಕೂಸು

ತಿಂಗಳು ತುಂಬದೆ ಹುಟ್ಟಿದ ಕೂಸನ್ನು, ದಪ್ಪಗಿದೆ ಎಂದು ಹೇಳಿ ಆಸ್ಪತ್ರೆಯವರು ಮರುದಿನವೇ ಮನೆಗೆ ಕಳಿಸಿದ್ದರು. ಮನೆಯಲ್ಲಿ ಅದು ಹಾಲು ಕುಡಿಯದೆ ಸೊರಗಿತು, ಮೈ ತಣ್ಣಗಾಯಿತು. ಬೇರೆ ಆಸ್ಪತ್ರೆಗೆ ಸೇರಿಸಿದ ಮೇಲೆ ಬದುಕಿಕೊಂಡಿತು.

ಅಲ್ಲಿಂದ ಊರಿಗೆ ಮರಳುವ ದಿನ ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅದು ಅಪ್ಪ ಮುನಿರಾಜನ ಅಂಗಿಯೊಳಗೆ, ಬರಿಯೆದೆಗೆ ಅಂಟಿಕೊಂಡು ಮಲಗಿತ್ತು. ತಾಯಿ ಅವನ ಭುಜಕ್ಕೊರಗಿ ತೂಕಡಿಸುತ್ತಿದ್ದಳು. ಅಜ್ಜಿ ಅಮ್ಮಾಜಮ್ಮನಿಗೆ ನಾಚಿಕೆ.

“ಗಂಡ್ಸು ಇಂಗೆ ಕಟ್ಕೊಂಡ್ರೆ ಜನ ನಗ್ತಾರೆ ಕಣ್ಲಾ.”

“ನಗ್ಲಿ ಬುಡಮ್ಮ. ಮೈಗೆ ಮೈ ತಾಕ್ತಿದ್ರೇನೇ ಕೂಸು ಬೆಚ್ಚಗಿರಾದು ಅಂತ ನರ್ಸಮ್ಮ ಯೋಳವ್ರೆ.”

“ನಿಮ್ಮಪ್ಪ ನಿನ್ನ ಮೂರು ತಿಂಗ್ಳು ಮುಟ್ಟೇ ಇಲ್ಲ.”

“ಅದ್ಕೇ ನಾನಿಂಗೆ ಒರಟಾಗಿರಾದು.”

“ಊರ್ಗೋದ್ಮೇಲೆ ನಂಗೆ ಕೊಡು. ಎಣ್ಣೆ ತಿಕ್ಕಿ ಬಿಸಿನೀರು ಉಯ್ತೀನಿ. ನಿಂಗೂ ಅಂಗೇ ಉಯ್ದಿದ್ದು.”

ಬೇತಮಂಗಲದ ಬಸ್ಸು ಬಂತು. ಅವನು ಹೆಂಡತಿಯನ್ನು ಮೆಲ್ಲಗೆ ಎಬ್ಬಿಸಿ, ಅಂಗಿಯ ಮೇಲೆ ಕೈಯಿಟ್ಟುಕೊಂಡೇ ಎದ್ದ.

“ತೂಕ ಬರಗಂಟ ನೀರು ಉಯ್ಯಂಗಿಲ್ಲಮ್ಮ. ನಾ ಕೊಡಲ್ಲ.”