ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿದ್ದ ಮಾತ್ರೆ

ಹೇಳಿಕೆ ನೀಡುತ್ತಿರುವವರು: ಮಗುವಿನ ತಂದೆ. ವಯಸ್ಸು 36. ಉದ್ಯೋಗ: ಲಿಫ್ಟ್ ರಿಪೇರಿ. ವಾಸ: ಮೂರನೇ ಮಹಡಿ, ಕೊನೆಯ ಮನೆ.

ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗಿ ತಾವು ಬಂದು ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ, ನನಗೆ ಎರಡೂವರೆ ವರ್ಷದ ಒಬ್ಬಳೇ ಮಗಳು. ನಿಂತಲ್ಲಿ ನಿಲ್ಲುವವಳಲ್ಲವಾದ್ದರಿಂದ ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುತ್ತಾರೆ. ನನ್ನ ಸೋದರತ್ತೆ ಕಣ್ಣಿನ ಆಪರೇಷನ್‌ಗೆಂದು ಈ ವಾರ ನಮ್ಮ ಮನೆಗೆ ಬಂದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ.

ನಿನ್ನೆ ನನಗೆ ವಾರದ ರಜೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾನು ಬಚ್ಚಲಿನ ನಲ್ಲಿ ಬಿಚ್ಚಿಕೊಂಡು ಕೂತಿದ್ದೆ. ಹನ್ನೊಂದು ಗಂಟೆ ಸುಮಾರಿಗೆ ಮನೆಯಲ್ಲಿ ಸದ್ದೇ ಇಲ್ಲವೆಂದು ಗಮನಕ್ಕೆ ಬಂತು. ಹೊರಗೆ ಬಂದು ನೋಡಲಾಗಿ ಮಗು ನೆಲದ ಮೇಲೆ ಮಲಗಿತ್ತು. "ಮಲಗ್ಲಿ ಬಿಡೋ, ಬೆಳಗ್ಗೆ ಬೇಗ ಎದ್ದಿದೆ" ಎಂದು ಅತ್ತೆ ಹೇಳಿದರು. ನಾನು ಮತ್ತೆ ನಲ್ಲಿಯ ಹತ್ತಿರ ಹೋದೆ. ಕೈಗೆ ಕೆಲಸ ಹತ್ತಲಿಲ್ಲ. ಆ ಹೊತ್ತಿನಲ್ಲಿ ಅವಳು ಯಾವತ್ತೂ ಮಲಗಿದವಳಲ್ಲ.

ವಾಪಸ್ ಬಂದು ಎತ್ತಿಕೊಂಡೆ. ಫ್ಯಾನ್ ತಿರುಗುತ್ತಿದ್ದರೂ ಅಂಗಿ ಬೆವರಿಗೆ ತೊಯ್ದಿತ್ತು. ಮೈ ತಣ್ಣಗಿತ್ತು, ಬೆರಳುಗಳು ನಡುಗುತ್ತಿದ್ದವು. ನಿಲ್ಲಿಸಿದರೆ ಕಾಲು ಕುಸಿದವು. ಕರೆದರೆ ಕಣ್ಣು ಬಿಟ್ಟಳು, ಆದರೆ ನನ್ನನ್ನು ನೋಡಲಿಲ್ಲ.

ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿದೆ. ಮನೆಯಲ್ಲಿ ಮಾತ್ರೆಗಳಿವೆಯೇ ಎಂದು ಆ ಕಡೆಯ ಹೆಂಗಸು ಕೇಳಿದರು. ಎಲ್ಲವೂ ಬೀರುವಿನಲ್ಲಿವೆ, ಬೀಗ ಹಾಕಿದೆ ಎಂದೆ. ಮನೆಗೆ ಬಂದವರ ಚೀಲದಲ್ಲಿ ಏನಾದರೂ ಇದೆಯೇ ಎಂದರು. ಆಗ ಅತ್ತೆ ತಮ್ಮ ಕೈಚೀಲವನ್ನು ಮಂಚದ ಮೇಲೆ ಸುರಿದರು. ಸ್ಟ್ರಿಪ್‌ನಿಂದ ಮಾತ್ರೆ ಒತ್ತಿ ತೆಗೆಯಲು ಬೆರಳಿಗೆ ಆಗುವುದಿಲ್ಲವೆಂದು ಅವರು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹಳೆಯ ಪೆಪ್ಪರ್‌ಮಿಂಟ್ ಡಬ್ಬಿಗೆ ಹಾಕಿಟ್ಟುಕೊಂಡಿದ್ದರು. ಡಬ್ಬಿ ಚೀಲದಲ್ಲಿ ಇರಲಿಲ್ಲ. ದಿಂಬಿನ ಹಿಂದೆ ಮುಚ್ಚಳ ತೆಗೆದ ಸ್ಥಿತಿಯಲ್ಲಿ ಸಿಕ್ಕಿತು. ಪಕ್ಕದಲ್ಲಿ ಚೀಪಿ ಉಗಿದ ಅರ್ಧ ಮಾತ್ರೆ ಇತ್ತು. ಎಷ್ಟು ನುಂಗಿದ್ದಾಳೆ ಎಂಬುದು ಈಗಲೂ ಗೊತ್ತಿಲ್ಲ.

ಪಕ್ಕದ ಮನೆಯ ಟೈಲರ್, ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣವೆಂದು ಲೋಟ ಹಿಡಿದು ಓಡಿಬಂದರು. ವಾಂತಿ ಮಾಡಿಸಲೇಬಾರದು, ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಹೊರಡಿ ಎಂದು ಫೋನಿನಲ್ಲಿದ್ದವರು ಹೇಳಿದರು. ಟೈಲರ್ ಲೋಟ ಅಲ್ಲೇ ಬಿಟ್ಟು ತಮ್ಮ ಕಾರು ತೆಗೆದರು. ಆಸ್ಪತ್ರೆ ಒಂದೂವರೆ ಕಿಲೋಮೀಟರ್. ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆ ಎಂಬುದು ನೆನಪಿಲ್ಲ.

ವೈದ್ಯೆ ಬೆರಳು ಚುಚ್ಚಿ ನೋಡಿ, ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದು ನರಕ್ಕೆ ಗ್ಲೂಕೋಸ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಗು ಕಿರುಚಿ ಅತ್ತಿತು. ನನಗೂ ತಡೆಯಲಾಗಲಿಲ್ಲ. ಸಂಜೆ ಸಕ್ಕರೆ ಮತ್ತೆ ಇಳಿಯಿತು. ಈ ಮಾತ್ರೆಯೇ ಹಾಗೆ, ಎದ್ದು ಕೂತಳೆಂದು ಮನೆಗೆ ಕರೆದೊಯ್ಯುವಂತಿಲ್ಲ ಎಂದರು.

ಹೆಂಡತಿ ಬಂದವಳೇ ಅತ್ತೆಗೆ, "ನನ್ ಕಣ್ಣೆದುರು ನಿಲ್ಬೇಡಿ" ಎಂದಳು. ಅವರು ಕಾರಿಡಾರಿನ ಬೆಂಚಿನಿಂದ ಏಳಲೇ ಇಲ್ಲ. ಇಂದು ಬೆಳಿಗ್ಗೆ ನರ್ಸ್ ಮತ್ತೆ ಚುಚ್ಚಲು ಬಂದಾಗ ಮಗು ಮುಷ್ಟಿ ಬಿಚ್ಚದೆ ಅಜ್ಜಿ ಬೇಕೆಂದು ಹಠ ಹಿಡಿಯಿತು. ಹೆಂಡತಿ ಎದ್ದು ಬಾಗಿಲು ತೆಗೆದು, "ಒಳಗೆ ಬನ್ನಿ ಅತ್ತೆ, ನಿಮ್ಮನ್ನೇ ಕರೀತಿದಾಳೆ" ಎಂದಳು.

ನಮಗೆ ಯಾರ ಮೇಲೂ ದೂರು ಇಲ್ಲ. ತಾವು ಬಂದ ಕೂಡಲೇ ಅತ್ತೆ ಎದ್ದುನಿಂತು "ನನ್ನೇ ಹಿಡ್ಕೊಂಡ್ ಹೋಗಿ ಸಾರ್" ಎಂದದ್ದನ್ನು ಅವರ ಹೇಳಿಕೆಯೆಂದು ಬರೆದುಕೊಳ್ಳಬಾರದೆಂದು ಕೋರುತ್ತೇನೆ. ಮುಂದಿನ ರಕ್ತಪರೀಕ್ಷೆಗೆ ಮಗುವನ್ನು ಹಿಡಿದುಕೊಳ್ಳಬೇಕಾಗಿರುವುದರಿಂದ ಇಷ್ಟಕ್ಕೇ ಮುಗಿಸುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಮಕ್ಕಳ ವಾರ್ಡ್
ದಿನ: ಘಟನೆಯ ಮರುದಿನ, ಬೆಳಿಗ್ಗೆ
(ಸಹಿ) ಮಗುವಿನ ತಂದೆ